ಹಾವಿನ ಋಣ: ಬಿಪಿ ಮಾತ್ರೆ ನುಂಗುವವರಿಗೆ ಒಂದು ಬಹಿರಂಗ ಪತ್ರ



ದಿನಾ ಬೆಳಿಗ್ಗೆ ಕಾಫಿಗೆ ಮುಂಚೆಯೋ ತಿಂಡಿ ಆದ ಮೇಲೋ ಒಂದು ಬಿಪಿ ಮಾತ್ರೆ ನುಂಗುವ ನಿಮಗೆಲ್ಲರಿಗೂ ಈ ಪತ್ರ. ನಿಮ್ಮಲ್ಲಿ ನಾನೂ ಒಬ್ಬ. ಮುಂದೆ ಓದುವ ಮೊದಲು ಮಾತ್ರೆಯ ಸ್ಟ್ರಿಪ್ ಎತ್ತಿಕೊಂಡು ಅದರ ಹಿಂಬದಿ ನೋಡಿ. ಕಂಪನಿ ಇಟ್ಟ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಔಷಧದ ಅಸಲಿ ಹೆಸರು ಇರುತ್ತದೆ. ಅದು ಎನಾಲಾಪ್ರಿಲ್, ರಾಮಿಪ್ರಿಲ್, ಲಿಸಿನೊಪ್ರಿಲ್, ಪೆರಿಂಡೊಪ್ರಿಲ್ ಎಂದು 'ಪ್ರಿಲ್'ನಲ್ಲಿ ಮುಗಿದರೆ ಈ ಪತ್ರ ನೇರವಾಗಿ ನಿಮಗೆ. ಟೆಲ್ಮಿಸಾರ್ಟನ್, ಲೊಸಾರ್ಟನ್ ಎಂದಿದ್ದರೆ ನಿಮ್ಮ ಮಾತ್ರೆ ಅದೇ ದಾರಿಯಲ್ಲಿ ಒಂದು ಹೆಜ್ಜೆ ಮುಂದೆ ನಿಂತು ಕೆಲಸ ಮಾಡುತ್ತದೆ. ಅಮ್ಲೋಡಿಪಿನ್ ಆಗಿದ್ದರೆ ಔಷಧದ ಬಗೆಯೇ ಬೇರೆ. ಆದರೂ ಕೊನೆಯಲ್ಲಿ ನಾನು ಕೇಳಿಕೊಳ್ಳುವುದು ನಿಮ್ಮನ್ನೂ ಸೇರಿಸಿಯೇ.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. 'ಪ್ರಿಲ್' ಮಾತ್ರೆಗಳೆಲ್ಲ ಹುಟ್ಟಿದ್ದು ಒಂದು ವಿಷದ ಹಾವಿನಿಂದ. ಆ ಹಾವು ಕಚ್ಚುತ್ತಿದ್ದದ್ದು, ಈಗಲೂ ಕಚ್ಚುವುದು, ಹೊಲ ತೋಟಗಳಲ್ಲಿ ದುಡಿಯುವವರನ್ನು. ಅವರ ಮೈಯಲ್ಲಿ ವಿಷ ಏನು ಮಾಡುತ್ತದೆ ಎಂದು ಹುಡುಕಲು ಹೊರಟ ವಿಜ್ಞಾನ ನಮ್ಮ ನಿಮ್ಮ ಹೃದಯ ಮತ್ತು ಮೂತ್ರಪಿಂಡಗಳನ್ನು ಉಳಿಸಿತು. ಹಾವು ಕಚ್ಚಿಸಿಕೊಂಡವರ ಪಾಲಿಗೆ ಮಾತ್ರ ನೂರು ವರ್ಷಕ್ಕೂ ಹಳೆಯ ಚಿಕಿತ್ಸೆಯೇ ಉಳಿಯಿತು. ಈ ಲೆಕ್ಕ ಸರಿಯಿಲ್ಲ. ಅದನ್ನು ಸರಿಮಾಡುವ ಹೊಣೆ ನಮ್ಮ ಮೇಲಿದೆ ಎಂದು ನಾನು ನಂಬಿದ್ದೇನೆ. ಏಕೆ ಎಂಬುದು ತಿಳಿಯಬೇಕಾದರೆ ಪೆಪ್ಟಿಡೇಸ್ ಎಂಬ ಕಿಣ್ವಗಳ ಪರಿಚಯ ಸ್ವಲ್ಪ ಆಗಬೇಕು.

ನಮ್ಮ ಮೈಯ ಕೆಲಸ ಬಹುಪಾಲು ನಡೆಯುವುದು ಪ್ರೋಟೀನುಗಳಿಂದ. ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಬೆಸೆದ ಉದ್ದನೆಯ ಸರಣಿಯೇ ಪ್ರೋಟೀನ್. ಸಣ್ಣ ಸರಣಿಯಾದರೆ ಪೆಪ್ಟೈಡ್. ಈ ಬೆಸುಗೆ ಎಷ್ಟು ಗಟ್ಟಿಯೆಂದರೆ, ಬರೀ ನೀರಿನಲ್ಲಿ ತನ್ನಷ್ಟಕ್ಕೆ ಬಿಟ್ಟರೆ ಬಿಚ್ಚಿಕೊಳ್ಳಲು ನೂರಾರು ವರ್ಷ ಬೇಕು. ಅಮೆರಿಕದ ಜೀವರಸಾಯನಶಾಸ್ತ್ರಜ್ಞ ರಿಚರ್ಡ್ ವೋಲ್ಫೆಂಡೆನ್ ಇದನ್ನು ಅಳೆದು ತೋರಿಸಿದರು. ಈ ಹೆಸರು ನೆನಪಿರಲಿ, ಮತ್ತೆ ಬರುತ್ತದೆ. ನೂರಾರು ವರ್ಷದ ಆ ಕೆಲಸವನ್ನು ಕ್ಷಣದಲ್ಲಿ ಮುಗಿಸುವುದೇ ಪೆಪ್ಟಿಡೇಸ್‌ನ ಕಸುಬು. ಮನುಷ್ಯನ ವಂಶವಾಹಿಗಳಲ್ಲಿ ಇಂಥ ಕಿಣ್ವಗಳನ್ನು ತಯಾರಿಸುವವು ಐನೂರಕ್ಕೂ ಹೆಚ್ಚು ಇವೆ.

ಶಾಲೆಯ ಪಾಠದಲ್ಲಿ ನಾವು ಓದಿದ್ದು ಜಠರದ ಪೆಪ್ಸಿನ್, ಮೇದೋಜೀರಕದ ಟ್ರಿಪ್ಸಿನ್. ಅನ್ನ ಸಾರು ಜೀರ್ಣಿಸುವ ಕಿಣ್ವಗಳು ಎಂದು ಬರೆದು ಅಂಕ ತೆಗೆದುಕೊಂಡೆವು. ಹಾಗಾಗಿ ಕತ್ತರಿಸುವುದೆಂದರೆ ಹಾಳುಮಾಡುವುದು ಎಂಬ ಭಾವನೆ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಆದರೆ ಮೈಯಲ್ಲಿ ನಡೆಯುವ ಎಷ್ಟೋ ಕತ್ತರಿಕೆ ದರ್ಜಿಯ ಕತ್ತರಿಯ ಹಾಗೆ. ಕತ್ತರಿಸದೆ ಅಂಗಿ ಆಗುವುದಿಲ್ಲ, ಎಲ್ಲಿ ಬೇಕೋ ಅಲ್ಲಿ ಕತ್ತರಿಸದಿದ್ದರೆ ಬಟ್ಟೆಯೂ ಉಳಿಯುವುದಿಲ್ಲ. ಇನ್ಸುಲಿನ್ ಮೊದಲು ಹುಟ್ಟುವುದು ಪ್ರೋಇನ್ಸುಲಿನ್ ಎಂಬ ದೊಡ್ಡ ಸರಣಿಯಾಗಿ. ಎರಡು ಕಡೆ ಕತ್ತರಿ ಬಿದ್ದು ನಡುವಿನ ತುಂಡು ಬೇರೆಯಾದ ಮೇಲೆಯೇ ಅದಕ್ಕೆ ಸಕ್ಕರೆಯನ್ನು ಅಂಕೆಯಲ್ಲಿಡುವ ಶಕ್ತಿ ಬರುವುದು. ಸಕ್ಕರೆ ಕಾಯಿಲೆಯವರಿಗೆ ಕೆಲವೊಮ್ಮೆ ಬರೆದುಕೊಡುವ ಸಿ-ಪೆಪ್ಟೈಡ್ ಪರೀಕ್ಷೆ ಅಳೆಯುವುದು ಆ ಬೇರೆಯಾದ ತುಂಡನ್ನೇ. ಗಾಯವಾದಾಗ ರಕ್ತ ಹೆಪ್ಪುಗಟ್ಟುವುದು ಒಂದು ಪೆಪ್ಟಿಡೇಸ್ ಇನ್ನೊಂದನ್ನು ಕತ್ತರಿಸಿ ಎಬ್ಬಿಸಿ, ಅದು ಮತ್ತೊಂದನ್ನು ಎಬ್ಬಿಸಿ, ಕೊನೆಗೆ ಥ್ರಾಂಬಿನ್ ಎಂಬ ಪೆಪ್ಟಿಡೇಸ್ ಫೈಬ್ರಿನೋಜನ್ ಅನ್ನು ಕತ್ತರಿಸಿದಾಗ. ಆ ಹೆಪ್ಪನ್ನು ಮತ್ತೆ ಕರಗಿಸುವ ಪ್ಲಾಸ್ಮಿನ್ ಕೂಡ ಪೆಪ್ಟಿಡೇಸೇ. ಲಕ್ವ ಹೊಡೆದವರನ್ನು ನಾಲ್ಕೂವರೆ ಗಂಟೆಯೊಳಗೆ ಆಸ್ಪತ್ರೆಗೆ ತನ್ನಿ ಎಂದು ವೈದ್ಯರು ಬೇಡಿಕೊಳ್ಳುತ್ತಾರಲ್ಲ, ಆ ಹೊತ್ತಿನಲ್ಲಿ ಕೊಡುವ ಹೆಪ್ಪು ಕರಗಿಸುವ ಚುಚ್ಚುಮದ್ದೂ ಒಂದು ಪೆಪ್ಟಿಡೇಸ್.

ಇಷ್ಟು ಹರಿತವಾದ ವಸ್ತುವನ್ನು ಮೈ ಬಹಳ ಎಚ್ಚರಿಕೆಯಿಂದ ಇಟ್ಟುಕೊಳ್ಳುತ್ತದೆ. ಮೇದೋಜೀರಕ ಗ್ರಂಥಿ ಟ್ರಿಪ್ಸಿನ್ ಅನ್ನು ತಯಾರಿಸುವುದು ನಿದ್ದೆಯಲ್ಲಿರುವ ಸ್ಥಿತಿಯಲ್ಲಿ. ಕರುಳಿಗೆ ಇಳಿದ ಮೇಲೆ ಅಲ್ಲಿನ ಇನ್ನೊಂದು ಕಿಣ್ವ ಅದರ ತುದಿ ಕತ್ತರಿಸಿ ಎಬ್ಬಿಸುತ್ತದೆ. ಅಪ್ಪಿತಪ್ಪಿ ಗ್ರಂಥಿಯೊಳಗೇ ಎಚ್ಚರವಾದರೆ ಹಿಡಿದಿಡಲು ಕಾವಲು ಪ್ರೋಟೀನೂ ಅಲ್ಲೇ ಇರುತ್ತದೆ. ಈ ಕಾವಲು ಮುರಿದಾಗ ಮೇದೋಜೀರಕ ತನ್ನನ್ನೇ ಜೀರ್ಣಿಸಿಕೊಳ್ಳತೊಡಗುತ್ತದೆ. ಪ್ಯಾಂಕ್ರಿಯಾಟೈಟಿಸ್‌ನ ಹೊಟ್ಟೆನೋವು ಕಂಡವರಿಗೆ ಅದು ಏನೆಂದು ಗೊತ್ತು. ಶ್ವಾಸಕೋಶದಲ್ಲೂ ಇದೇ ಕತೆ. ಬಿಳಿ ರಕ್ತಕಣಗಳು ಸುರಿಸುವ ಎಲಾಸ್ಟೇಸ್ ಎಂಬ ಪೆಪ್ಟಿಡೇಸನ್ನು ತಡೆಯುವ ಪ್ರೋಟೀನು ಹುಟ್ಟಿನಿಂದಲೇ ಕಡಿಮೆಯಿರುವವರು ಉಳಿದವರಿಗಿಂತ ಬೇಗ ಉಸಿರು ಕಳೆದುಕೊಳ್ಳುತ್ತಾರೆ. ಬೀಡಿ ಸಿಗರೇಟು ಸೇದಿದರಂತೂ ಇನ್ನೂ ಬೇಗ. ಎಚ್‌ಐವಿ ವೈರಾಣುವೂ ತನ್ನ ಪ್ರೋಟೀನುಗಳನ್ನು ಒಂದೇ ಉದ್ದನೆಯ ಸರಣಿಯಾಗಿ ಮಾಡಿಸಿಕೊಂಡು ತನ್ನದೇ ಪೆಪ್ಟಿಡೇಸ್‌ನಿಂದ ಕತ್ತರಿಸಿಕೊಳ್ಳುತ್ತದೆ. 1995ರಿಂದ ಆ ಕಿಣ್ವವನ್ನು ತಡೆಯುವ ಮದ್ದು ಬಂದ ಮೇಲೆ ಏಡ್ಸ್ ಎಂದರೆ ಮರಣಶಾಸನ ಎಂಬ ಕಾಲ ಮುಗಿಯತೊಡಗಿತು.

ಈಗ ಹಾವಿನ ವಿಷಯ.

ಬ್ರೆಜಿಲ್‌ನ ಆಗ್ನೇಯ ಭಾಗದಲ್ಲಿ ಜರರಾಕ ಎಂಬ ಮಂಡಲದ ಹಾವಿದೆ. ಸಾವೊ ಪಾಲೊ ಪ್ರಾಂತದಲ್ಲಿ ಕಾಡು ಕಡಿದು ಕಾಫಿ ತೋಟ ಹಬ್ಬಿದಂತೆ ಅದು ಕೂಲಿಗಳನ್ನು ಕಚ್ಚುವುದೂ ಹೆಚ್ಚಿತು. ವಿಟಾಲ್ ಬ್ರಾಸಿಲ್ ಎಂಬ ವೈದ್ಯರು ಅವರಿಗಾಗಿ ಪ್ರತಿವಿಷ ತಯಾರಿಸಲು ನಿಂತರು. ಫ್ರಾನ್ಸ್‌ನ ಕಾಲ್ಮೆಟ್ 1890ರ ದಶಕದಲ್ಲಿ ನಾಗರಹಾವಿನ ವಿಷಕ್ಕೆ ಕುದುರೆಯ ರಕ್ತದಿಂದ ಸೀರಂ ಮಾಡಿದ್ದರು. ಅದು ಎಲ್ಲ ಹಾವಿಗೂ ಆಗುತ್ತದೆ ಎಂದು ಆಗಿನ ನಂಬಿಕೆ. ತಮ್ಮ ನಾಡಿನ ಹಾವುಗಳ ವಿಷಕ್ಕೆ ಅದು ನಾಟುವುದಿಲ್ಲ, ಆಯಾ ಹಾವಿಗೆ ಆಯಾ ಪ್ರತಿವಿಷವೇ ಬೇಕು ಎಂದು ವಿಟಾಲ್ ಬ್ರಾಸಿಲ್ ಪ್ರಯೋಗದಿಂದ ತೋರಿಸಿದರು. ಅವರು ಕಟ್ಟಿ ಬೆಳೆಸಿದ ಬುಟಾಂಟಾನ್ ಸಂಸ್ಥೆ ಶುರುವಾದದ್ದು 1901ರಲ್ಲಿ. ಅವರು ಅಂದು ಹೇಳಿದ ಮಾತು ನಮ್ಮ ನಾಡಿಗೆ ಇನ್ನೂ ಪೂರ್ತಿ ತಲುಪಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

1948ರಲ್ಲಿ ಸಾವೊ ಪಾಲೊ ನಗರದಲ್ಲಿ ಮೌರಿಸಿಯೊ ರೋಶಾ ಎ ಸಿಲ್ವಾ, ವಿಲ್ಸನ್ ಬೆರಾಲ್ಡೊ, ಗಸ್ತಾಂವ್ ರೋಸೆನ್‌ಫೆಲ್ಡ್ ಎಂಬ ಮೂವರು ಜರರಾಕ ವಿಷ ರಕ್ತದಲ್ಲಿ ಏನು ಮಾಡುತ್ತದೆ ಎಂದು ನಾಯಿಗಳ ಮೇಲೆ ಪರೀಕ್ಷಿಸುತ್ತಿದ್ದರು. ವಿಷ ಸೇರಿದ ರಕ್ತದಲ್ಲಿ ಹೊಸದೊಂದು ವಸ್ತು ಕಾಣಿಸಿಕೊಂಡಿತು. ಅದು ರಕ್ತನಾಳಗಳನ್ನು ಸಡಿಲಿಸಿ ಒತ್ತಡವನ್ನು ಕುಸಿಯುವಂತೆ ಮಾಡುತ್ತಿತ್ತು. ಅದು ವಿಷದಲ್ಲಿ ಇದ್ದ ವಸ್ತುವಲ್ಲ. ವಿಷದೊಳಗಿನ ಪೆಪ್ಟಿಡೇಸ್ ನಾಯಿಯದೇ ರಕ್ತದ ಪ್ರೋಟೀನೊಂದನ್ನು ಕತ್ತರಿಸಿ ಅದನ್ನು ಹೊರಹಾಕಿತ್ತು. ಒಂಬತ್ತು ಅಮೈನೋ ಆಮ್ಲಗಳ ಆ ತುಂಡಿಗೆ ಬ್ರಾಡಿಕೈನಿನ್ ಎಂದು ಹೆಸರಾಯಿತು. ಅದು ನಮ್ಮೆಲ್ಲರ ಮೈಯಲ್ಲೂ ಇದೆ. ಆದರೆ ಹುಟ್ಟಿದ ಕೆಲವೇ ಕ್ಷಣಗಳಲ್ಲಿ ಬೇರೆ ಪೆಪ್ಟಿಡೇಸ್‌ಗಳು ಅದನ್ನು ತುಂಡರಿಸಿ ಮುಗಿಸುತ್ತವೆ.

ರೋಶಾ ಎ ಸಿಲ್ವಾ ಅವರ ಶಿಷ್ಯ ಸೆರ್ಜಿಯೊ ಫೆರೇರಾ 1965ರಲ್ಲಿ ಅದೇ ವಿಷದಲ್ಲಿ ಇನ್ನೊಂದು ಗುಟ್ಟು ಕಂಡರು. ಬ್ರಾಡಿಕೈನಿನ್ ಅನ್ನು ತುಂಡರಿಸುವ ಕಿಣ್ವದ ಕೈ ಕಟ್ಟುವ ಸಣ್ಣ ಪೆಪ್ಟೈಡ್‌ಗಳೂ ಅದರಲ್ಲಿದ್ದವು. ಹಾವು ಎಷ್ಟು ಅಚ್ಚುಕಟ್ಟಾಗಿ ಯೋಚಿಸಿದಂತೆ ಕಾಣುತ್ತದೆ ನೋಡಿ. ಬೇಟೆಯ ರಕ್ತದೊತ್ತಡ ಇಳಿಸುವ ವಸ್ತುವನ್ನು ಬೇಟೆಯ ರಕ್ತದಿಂದಲೇ ಕತ್ತರಿಸಿ ತೆಗೆಯುವ ಕಿಣ್ವ ಒಂದು ಕಡೆ, ಆ ವಸ್ತು ಬೇಗ ನಾಶವಾಗದಂತೆ ಕಾಯುವ ತಡೆ ಇನ್ನೊಂದು ಕಡೆ. ಕೋಟ್ಯಂತರ ವರ್ಷದ ವಿಕಾಸ ಇದನ್ನು ಒಂದೇ ಹನಿ ವಿಷದಲ್ಲಿ ಕೂಡಿಸಿಟ್ಟಿತ್ತು.

ಫೆರೇರಾ ಈ ವಸ್ತುವನ್ನು ಲಂಡನ್ನಿನ ಜಾನ್ ವೇನ್ ಅವರ ಪ್ರಯೋಗಾಲಯಕ್ಕೆ ತೆಗೆದುಕೊಂಡು ಹೋದರು. ಅಲ್ಲಿ ಬೇರೆಯೇ ಪ್ರಶ್ನೆಯ ಮೇಲೆ ಕೆಲಸ ನಡೆದಿತ್ತು. ಮೂತ್ರಪಿಂಡ ರೆನಿನ್ ಎಂಬ ವಸ್ತುವನ್ನು ಸುರಿಸಿ ರಕ್ತದೊತ್ತಡ ಏರಿಸುತ್ತದೆ ಎಂಬುದು 1898ರಲ್ಲೇ ಸ್ಟಾಕ್‌ಹೋಮ್‌ನಲ್ಲಿ ಮೊಲದ ಮೂತ್ರಪಿಂಡದ ಸಾರದಿಂದ ಗೊತ್ತಾಗಿತ್ತು. ರೆನಿನ್ ಕೂಡ ಪೆಪ್ಟಿಡೇಸೇ. ಅದು ಕತ್ತರಿಸಿ ಕೊಡುವ ಹತ್ತು ಅಮೈನೋ ಆಮ್ಲಗಳ ಆಂಜಿಯೋಟೆನ್ಸಿನ್-1 ಹೆಚ್ಚೇನೂ ಮಾಡುವುದಿಲ್ಲ. ಇನ್ನೊಂದು ಪೆಪ್ಟಿಡೇಸ್ ಅದರ ತುದಿಯಿಂದ ಎರಡು ಅಮೈನೋ ಆಮ್ಲ ಕತ್ತರಿಸಿದಾಗ ಉಳಿಯುವ ಎಂಟರ ತುಂಡು, ಆಂಜಿಯೋಟೆನ್ಸಿನ್-2, ರಕ್ತನಾಳಗಳನ್ನು ಬಿಗಿಯುತ್ತದೆ, ಉಪ್ಪು ನೀರನ್ನು ಮೈಯಲ್ಲಿ ಹಿಡಿದಿಡುತ್ತದೆ, ಬಿಪಿ ಏರಿಸುತ್ತದೆ. ಆ ಎರಡನೆಯ ಕತ್ತರಿಯನ್ನು 1956ರಲ್ಲಿ ಲೆನಾರ್ಡ್ ಸ್ಕೆಗ್ಸ್ ಕುದುರೆಯ ರಕ್ತದಲ್ಲಿ ಗುರುತಿಸಿದ್ದರು. ವೈದ್ಯರು ಅದನ್ನು 'ಏಸ್' ಎನ್ನುತ್ತಾರೆ. ಈ ಪರಿವರ್ತನೆ ಹೆಚ್ಚಾಗಿ ನಡೆಯುವುದು ಶ್ವಾಸಕೋಶದ ಮೂಲಕ ರಕ್ತ ಹಾದುಹೋಗುವಾಗ ಎಂದು ವೇನ್ ಮತ್ತು ಅವರ ಜೊತೆಯ ಕೆವಿನ್ ಎಂಗ್ 1967ರಲ್ಲಿ ತೋರಿಸಿದರು. ಫೆರೇರಾ ತಂದ ಹಾವಿನ ಪೆಪ್ಟೈಡ್ ಅನ್ನು ಅದೇ ಪ್ರಯೋಗಾಲಯದ ಬಾಖ್ಲೆ ಎಂಬವರು ಈ ಏಸ್ ಮೇಲೆ ಹಾಕಿ ನೋಡಿದರು. ಕಿಣ್ವ ಕೆಲಸ ನಿಲ್ಲಿಸಿತು. 1968ರ ಮಾತು. ಮುಂದೆ ಸ್ಪಷ್ಟವಾಯಿತು: ಬ್ರಾಡಿಕೈನಿನ್ ತುಂಡರಿಸುವ ಕತ್ತರಿಯೂ ಆಂಜಿಯೋಟೆನ್ಸಿನ್ ಕತ್ತರಿಸುವ ಕತ್ತರಿಯೂ ಒಂದೇ. ಒಂದೇ ಕಿಣ್ವ ಒಂದು ಕೈಯಲ್ಲಿ ಬಿಪಿ ಏರಿಸುವ ವಸ್ತುವನ್ನು ಹುಟ್ಟಿಸುತ್ತದೆ, ಇನ್ನೊಂದು ಕೈಯಲ್ಲಿ ಇಳಿಸುವ ವಸ್ತುವನ್ನು ಕೊಲ್ಲುತ್ತದೆ.

ಅಮೆರಿಕದ ಸ್ಕ್ವಿಬ್ ಕಂಪನಿಯಲ್ಲಿ ಡೇವಿಡ್ ಕುಶ್ಮನ್ ಮತ್ತು ಬ್ಯೂನಸ್ ಐರಿಸ್‌ನಿಂದ ಬಂದಿದ್ದ ಮಿಗೆಲ್ ಒಂಡೆಟ್ಟಿ ಜರರಾಕ ವಿಷದಿಂದ ಒಂಬತ್ತು ಅಮೈನೋ ಆಮ್ಲಗಳ ಒಂದು ಪೆಪ್ಟೈಡ್ ಬೇರ್ಪಡಿಸಿದರು. ರೋಗಿಗಳಿಗೆ ಚುಚ್ಚಿದಾಗ ಬಿಪಿ ನಿಜಕ್ಕೂ ಇಳಿಯಿತು. ಆದರೆ ನುಂಗಿದರೆ ಹೊಟ್ಟೆಯ ಪೆಪ್ಟಿಡೇಸ್‌ಗಳೇ ಅದನ್ನು ತಿಂದುಹಾಕುತ್ತಿದ್ದವು. ಜೀವನವಿಡೀ ದಿನಾ ಯಾರು ಚುಚ್ಚಿಸಿಕೊಳ್ಳುತ್ತಾರೆ? ಕೆಲಸ ನಿಂತಂತಾಯಿತು. 1974ರಲ್ಲಿ ಅವರ ಕಣ್ಣಿಗೆ ವೋಲ್ಫೆಂಡೆನ್ ಮತ್ತು ಬೈಯರ್ಸ್ ಬರೆದ ಒಂದು ಪ್ರಬಂಧ ಬಿತ್ತು. ದನದ ಮೇದೋಜೀರಕದ ಒಂದು ಪೆಪ್ಟಿಡೇಸನ್ನು ಪುಟ್ಟ ಅಣುವೊಂದು ಹೇಗೆ ಬಿಗಿಯಾಗಿ ಹಿಡಿದು ನಿಲ್ಲಿಸುತ್ತದೆ ಎಂಬುದು ಅದರ ವಿಷಯ. ಬೆಸುಗೆ ಬಿಚ್ಚಲು ಎಷ್ಟು ವರ್ಷ ಬೇಕೆಂದು ಮುಂದೆ ಅಳೆದವರು ಇದೇ ವೋಲ್ಫೆಂಡೆನ್. ಆ ಮೇದೋಜೀರಕದ ಕಿಣ್ವದ ಹೊಟ್ಟೆಯಲ್ಲಿ ಒಂದು ಸತುವಿನ ಪರಮಾಣು ಇದೆ, ಏಸ್‌ನಲ್ಲೂ ಇದೆ. ಕತ್ತರಿಸುವ ಕೆಲಸ ನಡೆಯುವುದು ಆ ಸತುವಿನ ಬಳಿ. ಹಾವಿನ ಪೆಪ್ಟೈಡ್‌ನ ಕೊನೆಯಲ್ಲಿದ್ದ ಪ್ರೋಲಿನ್ ಎಂಬ ಅಮೈನೋ ಆಮ್ಲವನ್ನು ಉಳಿಸಿಕೊಂಡು, ಸತುವನ್ನು ಗಟ್ಟಿಯಾಗಿ ಹಿಡಿಯುವ ಗಂಧಕದ ಕೊಕ್ಕೆಯೊಂದನ್ನು ಜೋಡಿಸಿ ಅವರು ಪುಟ್ಟ ಅಣುವೊಂದನ್ನು ಕಟ್ಟಿದರು. 1975ರಲ್ಲಿ ಕ್ಯಾಪ್ಟೊಪ್ರಿಲ್ ಹುಟ್ಟಿತು. 1981ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಅನುಮತಿ ಸಿಕ್ಕಿತು. ಇಂದಿನ ಎಲ್ಲ 'ಪ್ರಿಲ್'ಗಳೂ ಅದರ ಮಕ್ಕಳು ಮೊಮ್ಮಕ್ಕಳು.

ಇದು ಬರೀ ಬಿಪಿಯ ಅಂಕಿ ಇಳಿಸುವ ಮಾತ್ರೆಯಾಗಿ ಉಳಿಯಲಿಲ್ಲ. 1987ರಲ್ಲಿ ಉತ್ತರ ಯುರೋಪಿನಲ್ಲಿ ಹೃದಯ ತೀರಾ ಸೋತುಹೋಗಿದ್ದ 253 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಹುಸಿ ಮಾತ್ರೆ ಪಡೆದವರಲ್ಲಿ ಆರು ತಿಂಗಳೊಳಗೆ ಶೇ 44 ಮಂದಿ ತೀರಿಕೊಂಡರೆ ಎನಾಲಾಪ್ರಿಲ್ ಪಡೆದವರಲ್ಲಿ ಶೇ 26 ಮಂದಿ. 1993ರಲ್ಲಿ, ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಡುತ್ತಿದ್ದ 409 ಮಂದಿಯಲ್ಲಿ ಕ್ಯಾಪ್ಟೊಪ್ರಿಲ್ ಸಾವು, ಡಯಾಲಿಸಿಸ್, ಮೂತ್ರಪಿಂಡ ಕಸಿ ಈ ಮೂರರ ಒಟ್ಟು ಅಪಾಯವನ್ನು ಅರ್ಧಕ್ಕೆ ಇಳಿಸಿತು. ಔಷಧಶಾಸ್ತ್ರದಲ್ಲಿ ಇಂಥ ಫಲ ಸಿಗುವುದು ಅಪರೂಪ.

ಅದರ ಬೆಲೆಯನ್ನೂ ಹೇಳಬೇಕು. ಏಸ್ ನಿಂತರೆ ಬ್ರಾಡಿಕೈನಿನ್ ಉಳಿದುಕೊಳ್ಳುತ್ತದೆ. ಕೆಲವರಿಗೆ ಅದರಿಂದ ಗಂಟಲು ಕೆರೆಯುವ ಒಣ ಕೆಮ್ಮು ಹಿಡಿಯುತ್ತದೆ, ಎಷ್ಟು ಕಷಾಯ ಕುಡಿದರೂ ಹೋಗುವುದಿಲ್ಲ. ಅಪರೂಪಕ್ಕೆ ತುಟಿ ನಾಲಗೆ ಊದಿ ಉಸಿರಿಗೇ ಅಪಾಯ ಬರಬಹುದು. ಹಾಗಾದರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಬಸುರಿಯರು ಈ ಮಾತ್ರೆ ತೆಗೆದುಕೊಳ್ಳಲೇಬಾರದು, ಕೂಸಿನ ಮೂತ್ರಪಿಂಡಕ್ಕೆ ಪೆಟ್ಟು. ಕೆಮ್ಮು ಬಂದರೆ ವೈದ್ಯರಿಗೆ ಹೇಳಿ, 'ಸಾರ್ಟನ್'ಗೆ ಬದಲಾಯಿಸುತ್ತಾರೆ. ಅದು ಕತ್ತರಿಯನ್ನು ಮುಟ್ಟದೆ, ಆಂಜಿಯೋಟೆನ್ಸಿನ್-2 ಹೋಗಿ ಕೂರುವ ಜಾಗವನ್ನು ಮುಚ್ಚುತ್ತದೆ. ನೀವಾಗಿಯೇ ನಿಲ್ಲಿಸಬೇಡಿ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಭಾರತದಲ್ಲಿ ಸುಮಾರು 22 ಕೋಟಿ ಜನರಿಗೆ ಅಧಿಕ ರಕ್ತದೊತ್ತಡವಿದೆ. ಅಂಕೆಯಲ್ಲಿರುವುದು ಅವರಲ್ಲಿ ಶೇ 12ರಷ್ಟು ಮಂದಿಗೆ. ಮಿಕ್ಕವರಲ್ಲಿ ಅನೇಕರಿಗೆ ತಮಗೆ ಬಿಪಿ ಇದೆಯೆಂದೇ ಗೊತ್ತಿಲ್ಲ. ಗೊತ್ತಿರುವವರಲ್ಲೂ ಎಷ್ಟೋ ಮಂದಿ 'ಈಗ ನಾರ್ಮಲ್ ಬಂದಿದೆ' ಎಂದು ಮಾತ್ರೆ ಬಿಡುತ್ತಾರೆ. ನಾರ್ಮಲ್ ಬಂದಿರುವುದು ಮಾತ್ರೆಯಿಂದ. ಏಸ್ ಎಂಬ ಕಿಣ್ವಕ್ಕೆ ರಜೆ ಇಲ್ಲ. ತಡೆ ತೆಗೆದ ದಿನದಿಂದ ಅದು ಮತ್ತೆ ಕತ್ತರಿಸತೊಡಗುತ್ತದೆ. ಹಾವು ಕಚ್ಚಿದ ಕೂಲಿಗಳ ಸಾವಿನ ಬಗ್ಗೆ ಹುಡುಕುತ್ತ ಹುಡುಕುತ್ತ ಮನುಷ್ಯಕುಲ ಕಂಡುಕೊಂಡ ಮದ್ದು ಇವತ್ತು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವಷ್ಟು ಅಗ್ಗವಾಗಿರುವಾಗ, ಅದನ್ನು ಡಬ್ಬಿಯಲ್ಲೇ ಬಿಟ್ಟು ಲಕ್ವ ಹೊಡೆಸಿಕೊಳ್ಳುವುದು ಕಂಡು ಸಂಕಟವಾಗುತ್ತದೆ.

ಕೋವಿಡ್ ಕಾಲದಲ್ಲಿ ಇದೇ ಸಂಕಟ ಬೇರೆ ರೂಪದಲ್ಲಿ ಬಂದಿತು. ಏಸ್‌ಗೆ ಒಬ್ಬ ತಂಗಿ ಇದ್ದಾಳೆ, ಏಸ್-2. ಎರಡು ತಂಡಗಳು 2000ದಲ್ಲಿ ಅದನ್ನು ಗುರುತಿಸಿದವು. ಅದರ ಕೆಲಸ ಅಕ್ಕನದಕ್ಕೆ ವಿರುದ್ಧ: ಆಂಜಿಯೋಟೆನ್ಸಿನ್-2ರ ಇನ್ನೊಂದು ಅಮೈನೋ ಆಮ್ಲ ಕತ್ತರಿಸಿ ಅದರ ಬಿರುಸು ಇಳಿಸುವುದು. ಕೊರೊನಾ ವೈರಾಣು ಜೀವಕೋಶಕ್ಕೆ ಅಂಟಿಕೊಂಡು ಒಳನುಗ್ಗಿದ್ದು ಈ ಏಸ್-2 ಹಿಡಿದುಕೊಂಡೇ. 'ಪ್ರಿಲ್', 'ಸಾರ್ಟನ್' ನುಂಗಿದರೆ ವೈರಾಣುವಿಗೆ ಬಾಗಿಲು ಹೆಚ್ಚು ತೆರೆದಂತೆ ಎಂಬ ಭಯ 2020ರ ಮೊದಲ ತಿಂಗಳುಗಳಲ್ಲಿ ಹಬ್ಬಿ ಜನ ಮಾತ್ರೆ ಬಿಡತೊಡಗಿದರು. ಬಿಡಬೇಡಿ ಎಂದು ಹೃದಯತಜ್ಞರ ಸಂಘಗಳು ಕೂಗಿ ಹೇಳಿದವು. ಕೊನೆಗೆ ಗಟ್ಟಿ ಉತ್ತರ ಕೊಟ್ಟ ಪ್ರಯೋಗಗಳಲ್ಲಿ ಒಂದು ನಡೆದದ್ದು ಬ್ರೆಜಿಲ್‌ನಲ್ಲೇ. 659 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಮಾತ್ರೆ ನಿಲ್ಲಿಸಿ, ಅರ್ಧದಷ್ಟು ಮಂದಿಗೆ ಮುಂದುವರಿಸಿ ನೋಡಿದರು. ನಿಲ್ಲಿಸಿದ್ದರಿಂದ ಯಾವ ಲಾಭವೂ ಕಾಣಲಿಲ್ಲ. ಜರರಾಕದ ನಾಡು ಎರಡನೆಯ ಸಲ ನಮ್ಮ ಕೈ ಹಿಡಿಯಿತು.

ಸಕ್ಕರೆಗೆ ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ನುಂಗುವವರೂ ನಮ್ಮ ನಡುವೆ ಬಹಳ ಇದ್ದೀರಿ. ನಿಮ್ಮದೂ ಪೆಪ್ಟಿಡೇಸ್ ತಡೆಯುವ ಮಾತ್ರೆಯೇ. ಊಟದ ನಂತರ ಕರುಳು ಸುರಿಸುವ ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಕೆಲವೇ ನಿಮಿಷಗಳಲ್ಲಿ ಕತ್ತರಿಸಿ ಮುಗಿಸುವ ಡಿಪಿಪಿ-4 ಕಿಣ್ವವನ್ನು ಅದು ತಡೆಯುತ್ತದೆ. ನಮ್ಮ ದೇಶದಲ್ಲಿ ಪೇಟೆಂಟ್ ಮುಗಿದ ಮೇಲೆ ಇವುಗಳ ಬೆಲೆ ಇಳಿದು ಬಡವರ ಕೈಗೂ ಎಟುಕತೊಡಗಿದೆ. ಸಂತೋಷದ ವಿಷಯ.

ಇನ್ನು ಆ ಇನ್ನೊಂದು ಬದಿ. ಹಾವು ಕಚ್ಚಿಸಿಕೊಂಡವರ ಬದಿ.

2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಸಾವುಗಳ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜಿಸಿದೆ. ವರ್ಷಕ್ಕೆ ಸರಾಸರಿ 58,000. ಹೆಚ್ಚಿನವರು ಹಳ್ಳಿಯವರು. ಗದ್ದೆ ಕೊಯ್ಲಿನಲ್ಲಿ, ಕಡಲೆಕಾಯಿ ಕೀಳುವಾಗ, ರಾತ್ರಿ ಪಂಪ್‌ಸೆಟ್ ಹಾಕಲು ಬರಿಗಾಲಲ್ಲಿ ಹೋದಾಗ ತುಳಿದವರು. ಈ ಸಾವುಗಳಲ್ಲಿ ದೊಡ್ಡ ಪಾಲು ಕೊಳಕುಮಂಡಲದ್ದು. ಅದರ ವಿಷದ ಆಯುಧಗಳಲ್ಲೂ ಪೆಪ್ಟಿಡೇಸ್‌ಗಳು ಪ್ರಮುಖ. ಒಂದು ಬಗೆಯವು ಸಣ್ಣ ರಕ್ತನಾಳಗಳ ಗೋಡೆಯನ್ನು ಹಿಡಿದಿಟ್ಟಿರುವ ಪ್ರೋಟೀನುಗಳನ್ನೇ ಕತ್ತರಿಸಿ ರಕ್ತ ಸೋರುವಂತೆ ಮಾಡುತ್ತವೆ. ಇನ್ನೊಂದು, ಹೆಪ್ಪುಗಟ್ಟುವ ಸಾಲಿನ ಹತ್ತನೆಯ ಅಂಶವನ್ನು ಕತ್ತರಿಸಿ ಅಕಾಲದಲ್ಲಿ ಎಬ್ಬಿಸುತ್ತದೆ. ಮೈಯೆಲ್ಲ ಅಣುಗಾತ್ರದ ಹೆಪ್ಪುಗಳಾಗಿ, ಹೆಪ್ಪುಗಟ್ಟಿಸುವ ಸಾಮಗ್ರಿಯೇ ಖರ್ಚಾಗಿ, ಆಮೇಲೆ ರಕ್ತ ಹೆಪ್ಪುಗಟ್ಟುವುದೇ ಇಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ರೋಗಿಯ ರಕ್ತವನ್ನು ಒಣಗಿದ ಗಾಜಿನ ನಳಿಕೆಯಲ್ಲಿ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು ಬಗ್ಗಿಸಿ ನೋಡುತ್ತಾರೆ. ಇನ್ನೂ ನೀರಾಗಿಯೇ ಹರಿದರೆ ಕೊಳಕುಮಂಡಲ ಅಥವಾ ಗರಗಸ ಮಂಡಲದ ವಿಷ ಏರಿದೆ ಎಂದು ತಿಳಿಯುತ್ತಾರೆ. ಬದುಕಿ ಉಳಿದವರಲ್ಲಿ ಹಲವರ ಮೂತ್ರಪಿಂಡ ಸೋತು ಡಯಾಲಿಸಿಸ್‌ಗೆ ಹೋಗುತ್ತದೆ. ಹಾವಿನಿಂದ ಕಲಿತ ಮಾತ್ರೆ ನಮ್ಮ ಮೂತ್ರಪಿಂಡವನ್ನು ಕಾಯುತ್ತಿರುವಾಗ, ಹಾವು ಕಚ್ಚಿದವನ ಮೂತ್ರಪಿಂಡಕ್ಕೆ ಅಂಥ ಕಾವಲೇನೂ ಸಿಕ್ಕಿಲ್ಲ.

ಈ ವಿಷವೂ ವೈದ್ಯರಿಗೆ ಉಪಕಾರ ಮಾಡಿದೆ. 1934ರಲ್ಲಿ ಲಂಡನ್ನಿನ ಮ್ಯಾಕ್‌ಫಾರ್ಲೇನ್ ಮತ್ತು ಬಾರ್ನೆಟ್ ಕೊಳಕುಮಂಡಲದ ವಿಷವನ್ನು ತೀರಾ ತೆಳುಮಾಡಿ ಹಿಮೋಫಿಲಿಯಾ ರೋಗಿಗಳ ರಕ್ತಸ್ರಾವ ನಿಲ್ಲಿಸಲು ಬಳಸಿದರು. ಪದೇ ಪದೇ ಗರ್ಭ ನಿಲ್ಲದ ಹೆಂಗಸರಿಗೆ ಮಾಡಿಸುವ ಲೂಪಸ್ ಆಂಟಿಕೋಯಾಗ್ಯುಲಂಟ್ ಪರೀಕ್ಷೆಯಲ್ಲಿ ಇವತ್ತಿಗೂ ಬಳಸುವುದು ಇದೇ ಹಾವಿನ, ಹತ್ತನೆಯ ಅಂಶವನ್ನು ಎಬ್ಬಿಸುವ ಅದೇ ಕಿಣ್ವ. ನಗರದ ಲ್ಯಾಬಿನವರೆಗೆ ಬಂದ ಆ ವಿಷದ ತಿಳಿವಳಿಕೆ ಹೊಲದ ಬದುವಿನವರೆಗೆ ಹೋಗಿಲ್ಲ.

ಹೊಲದ ಬದುವಿನಲ್ಲಿ ಕಚ್ಚಿಸಿಕೊಂಡವನಿಗೆ ಇರುವುದು ಎಎಸ್‌ವಿ ಒಂದೇ. ಕುದುರೆಗೆ ವಿಷವನ್ನು ಸ್ವಲ್ಪ ಸ್ವಲ್ಪವೇ ಚುಚ್ಚಿ ಅದರ ರಕ್ತದಿಂದ ತೆಗೆಯುವ ಪ್ರತಿವಿಷ, ಮೂಲದಲ್ಲಿ ಕಾಲ್ಮೆಟ್ ಕಾಲದ ವಿಧಾನವೇ. ನಮ್ಮದು ನಾಲ್ಕು ಹಾವುಗಳಿಗೆ ಒಂದೇ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಅದಕ್ಕೆ ಬೇಕಾದ ವಿಷ ಬಹುಪಾಲು ಬರುವುದು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ. ಇರುಳರು ಮಾಡುತ್ತಿರುವುದು ದೊಡ್ಡ ಕೆಲಸ, ಅವರಿಲ್ಲದೆ ಇಷ್ಟೂ ಇರುತ್ತಿರಲಿಲ್ಲ. ಆದರೆ ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತದೆ, ಒಂದು ಕಡೆಯ ವಿಷದಿಂದ ಮಾಡಿದ ಎಎಸ್‌ವಿ ಇನ್ನೊಂದು ಕಡೆ ಅಷ್ಟು ನಾಟುವುದಿಲ್ಲ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ ಹಲವು ಅಧ್ಯಯನಗಳಲ್ಲಿ ತೋರಿಸಿದೆ. ವಿಟಾಲ್ ಬ್ರಾಸಿಲ್ ಅಂದು ಹೇಳಿದ್ದೂ ಇದನ್ನೇ.

ಹೊಸ ದಾರಿ ಇಲ್ಲವೇ? ಇದೆ. ಈ ಪತ್ರ ಬರೆಯಲು ನನ್ನನ್ನು ಕೂರಿಸಿದ್ದೂ ಅದೇ. ಮಂಡಲದ ಹಾವುಗಳ ವಿಷದ ರಕ್ತನಾಳ ಕೊರೆಯುವ ಪೆಪ್ಟಿಡೇಸ್‌ಗಳ ಹೊಟ್ಟೆಯಲ್ಲೂ ಸತು ಇದೆ, ನಮ್ಮ ಏಸ್‌ನಲ್ಲಿ ಇರುವ ಹಾಗೆಯೇ. 1990ರ ದಶಕದಲ್ಲಿ ಬ್ರಿಟನ್ನಿನ ಕಂಪನಿಯೊಂದು ಕ್ಯಾನ್ಸರ್ ಹರಡುವುದನ್ನು ತಡೆಯಲೆಂದು ಮಾರಿಮಾಸ್ಟಾಟ್ ಎಂಬ ಮಾತ್ರೆ ತಯಾರಿಸಿತ್ತು. ಕಿಣ್ವದ ಸತುವನ್ನು ಹಿಡಿದು ನಿಲ್ಲಿಸುವುದೇ ಅದರ ಉಪಾಯ, ಕ್ಯಾಪ್ಟೊಪ್ರಿಲ್‌ನ ಉಪಾಯವೇ. ಕ್ಯಾನ್ಸರಿನಲ್ಲಿ ಅದು ಸೋತು ಮೂಲೆಗೆ ಸೇರಿತು. ಲಿವರ್‌ಪೂಲಿನ ಉಷ್ಣವಲಯ ವೈದ್ಯಕೀಯ ಶಾಲೆಯ ಸಂಶೋಧಕರು ಅದನ್ನು ವರೆಸ್ಪ್ಲಾಡಿಬ್ ಎಂಬ ಇನ್ನೊಂದು ಅಣುವಿನ ಜೊತೆ ಮಂಡಲದ ಹಾವುಗಳ ವಿಷದ ಎದುರು ಇಟ್ಟು ನೋಡಿದರು. ಇಲಿಗಳು ಬದುಕಿದವು. ಇಂಥದು ಮನುಷ್ಯರಲ್ಲೂ ಗೆದ್ದರೆ ಕಚ್ಚಿದ ಜಾಗದಲ್ಲೇ, ಆಂಬುಲೆನ್ಸ್ ಬರುವ ಮುಂಚೆಯೇ ನುಂಗಬಹುದಾದ ಮಾತ್ರೆ ಸಿಗಬಹುದು. ಆಸ್ಪತ್ರೆ ಸೇರುವ ಮುನ್ನ ಕಳೆದುಹೋಗುವ ಗಂಟೆಗಳೇ ಸಾವನ್ನು ತರುವ ನಮ್ಮ ಹಳ್ಳಿಗಳಲ್ಲಿ ಇದಕ್ಕಿಂತ ದೊಡ್ಡ ವರ ಇನ್ನೇನು? ಆದರೆ ಕೊಳ್ಳುವವನು ಬಡ ರೈತ. ದಿನಾ ನುಂಗುವ ಮಾತ್ರೆಗೆ ಹೂಡಿದ ಬಂಡವಾಳ, ಜೀವನದಲ್ಲಿ ಒಮ್ಮೆ ನುಂಗುವ ಮಾತ್ರೆಗೆ ಬರುವುದು ಕಷ್ಟ. ಹಳೆಯ ಲಾಭದಿಂದ ಪಾಲು ಕೇಳುವಂತೆಯೂ ಇಲ್ಲ: ಕ್ಯಾಪ್ಟೊಪ್ರಿಲ್‌ನ ಪೇಟೆಂಟ್ ಸ್ಕ್ವಿಬ್‌ನದಾಯಿತು. ಜೀವಿಗಳಿಂದ ಬಂದ ಲಾಭವನ್ನು ಆ ಜೀವಿಯ ನಾಡಿನ ಜೊತೆ ಹಂಚಿಕೊಳ್ಳಬೇಕೆಂಬ ಜಾಗತಿಕ ಒಪ್ಪಂದ ಆಗ ಇರಲಿಲ್ಲ, ಅದು ಬಂದದ್ದು 1992ರಲ್ಲಿ. ಹಾಗಾಗಿ ಈ ಸಂಶೋಧನೆಯ ಖರ್ಚು ಸರ್ಕಾರ ಮತ್ತು ಸಮಾಜದ ಹೆಗಲಿಗೇ ಬರಬೇಕು. ದನಿಯೆತ್ತಿ ಕೇಳುವ ಶಕ್ತಿ ಇರುವುದು ಬಿಪಿ ಮಾತ್ರೆ ನುಂಗುವ ನಮಗೆ. ನಮ್ಮಲ್ಲಿ ನಿವೃತ್ತ ಅಧಿಕಾರಿಗಳಿದ್ದೇವೆ, ಮೇಷ್ಟರಿದ್ದೇವೆ, ಪಂಚಾಯ್ತಿ ಸದಸ್ಯರಿದ್ದೇವೆ, ಶಾಸಕರೂ ಇದ್ದಾರೆ.

ಕೆಲವು ಕೆಲಸ ಆಗಿವೆ, ಅದನ್ನು ಮನಸಾರೆ ಒಪ್ಪಬೇಕು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾವುಕಡಿತವನ್ನು ಕಡೆಗಣಿತ ಕಾಯಿಲೆಗಳ ಪಟ್ಟಿಗೆ ಸೇರಿಸಿತು. 2024ರಲ್ಲಿ ಕರ್ನಾಟಕ ಸರ್ಕಾರ ಹಾವುಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಆದೇಶಿಸಿತು. ಅದೇ ವರ್ಷ ಕೇಂದ್ರ ಸರ್ಕಾರ 2030ರ ಹೊತ್ತಿಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸುವ ಯೋಜನೆ ಹೊರಡಿಸಿತು. ಕಾಗದದ ಮೇಲಿನ ಈ ಮಾತುಗಳು ಆಸ್ಪತ್ರೆಯ ಫ್ರಿಜ್‌ವರೆಗೆ ಬಂದಿವೆಯೇ ಎಂದು ನೋಡುವವರು ಬೇಕು.

ಆದ್ದರಿಂದ ನನ್ನ ಕೋರಿಕೆ. ನಿಮ್ಮ ಊರಲ್ಲಿ ಹಾವು ಕಚ್ಚಿದವರ ಕಾಲಿಗೆ ಹಗ್ಗ ಬಿಗಿಯಲು, ಗಾಯ ಕೊಯ್ಯಲು, ಬಾಯಿಂದ ಹೀರಲು ಬಿಡಬೇಡಿ. ಕಾಲು ಅಲುಗದಂತೆ ಮಲಗಿಸಿ 108ಕ್ಕೆ ಫೋನ್ ಮಾಡಿ. ತೋಟದ ಆಳುಗಳಿಗೆ ಗಮ್‌ಬೂಟು, ಟಾರ್ಚು ಕೊಡಿಸಿ. ಕಂಡ ಹಾವನ್ನು ಹೊಡೆದು ಕೊಲ್ಲಬೇಡಿ, ಯಾವ ವಿಷದಲ್ಲಿ ನಾಳೆಯ ಯಾವ ಮದ್ದು ಇದೆಯೋ. ಮುಂದಿನ ಸಲ ಬಿಪಿ ತೋರಿಸಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಹೋದಾಗ ಔಷಧ ಕೊಡುವ ಕಿಟಕಿಯಲ್ಲಿ ನಿಂತು, ಎಎಸ್‌ವಿ ಎಷ್ಟು ಬಾಟಲಿ ಇದೆ ಎಂದು ವಿನಯದಿಂದ ಕೇಳಿ. ಒಬ್ಬ ರೋಗಿಯ ಮೊದಲ ಡೋಸಿಗೇ ಎಂಟು ಹತ್ತು ಬಾಟಲಿ ಬೇಕು. ಅಷ್ಟು ಇಲ್ಲವೆಂದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಅಂದೇ ಒಂದು ಅರ್ಜಿ ಬರೆದು, ಸ್ವೀಕೃತಿಯ ಸಹಿ ಹಾಕಿಸಿಕೊಂಡು ಬನ್ನಿ. ಮುಂದಿನ ತಿಂಗಳು ಮಾತ್ರೆಗೆ ಹೋದಾಗ ಮತ್ತೆ ಕೇಳಿ.

ಇಂತಿ,
ನಿಮ್ಮಂತೆಯೇ ಬಿಪಿ ಮಾತ್ರೆ ನುಂಗುವ ಒಬ್ಬ